ಗಂಟೆ ಲೆಕ್ಕದ ಮೇಷ್ಟ್ರು, ಗಂಟೆಗೆ ಸಿಗದ ಪಾಠ

ಹೊಸ ಸೆಮಿಸ್ಟರ್ ಹತ್ತಿರ ಬಂತೆಂದರೆ ವಿಶ್ವವಿದ್ಯಾಲಯಗಳ ವೆಬ್‌ಸೈಟ್‌ಗಳಲ್ಲಿ ಒಂದೇ ಅಚ್ಚಿನ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಅರ್ಥಶಾಸ್ತ್ರ ವಿಭಾಗಕ್ಕೆ ಅತಿಥಿ ಉಪನ್ಯಾಸಕರು ಬೇಕು, ಎಕನಾಮೆಟ್ರಿಕ್ಸ್ ಬಲ್ಲವರಿಗೆ ಆದ್ಯತೆ, ಗೌರವಧನ ತರಗತಿಯ ಲೆಕ್ಕದಲ್ಲಿ, ನೇಮಕ ಸಂಪೂರ್ಣ ತಾತ್ಕಾಲಿಕ, ಸಂದರ್ಶನಕ್ಕೆ ಬರಲು ಪ್ರಯಾಣ ಭತ್ಯೆ ಇಲ್ಲ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಇಂಥ ಪ್ರಕಟಣೆಗಳು ಬರುತ್ತವೆ. ‘ಡೇಟಾ ಕೆಲಸ ಮಾಡುವವರು ಯಾರಾದರೂ ಶನಿವಾರ ಹೋಗಿ ಪಾಠ ಮಾಡಬಹುದಲ್ಲ’ ಎಂಬ ಸಲಹೆಯೂ ಅದರ ಜತೆಗೇ ಬರುತ್ತದೆ.

ಸಲಹೆ ಕೊಡುವವರ ಉದ್ದೇಶ ಒಳ್ಳೆಯದೇ. ಆದರೆ ಅದರ ಹಿಂದಿರುವ ಎರಡು ನಂಬಿಕೆಗಳನ್ನು ಪರೀಕ್ಷಿಸಬೇಕು. ಒಂದು, ಎಕನಾಮೆಟ್ರಿಕ್ಸ್ ಎಂಬುದು ವಾರಕ್ಕೆ ನಾಲ್ಕು ಗಂಟೆ ಬಂದು ಹೋಗುವವರು ಮುಗಿಸಿಬಿಡಬಹುದಾದ ವಿಷಯ. ಎರಡು, ಡೇಟಾ ಜತೆ ಕೆಲಸ ಮಾಡುವ ಯಾರು ಬೇಕಾದರೂ ಅದನ್ನು ಕಲಿಸಬಹುದು. ಎರಡೂ ತಪ್ಪು ಎನ್ನುವುದು ನನ್ನ ವಾದ. ಆ ತಪ್ಪಿಗೆ ಬೆಲೆ ತೆರುತ್ತಿರುವವರು ವಿದ್ಯಾರ್ಥಿಗಳು. ಅವರಷ್ಟೇ ಬೆಲೆ ತೆರುತ್ತಿರುವವರು ಅರ್ಹತೆ ಪಡೆದೂ ವರ್ಷಗಟ್ಟಲೆ ‘ಅತಿಥಿ’ಗಳಾಗಿಯೇ ಉಳಿದ ಉಪನ್ಯಾಸಕರು.

ಉಚಿತ ಬಸ್ಸಿನ ಪ್ರಶ್ನೆ

ಎಕನಾಮೆಟ್ರಿಕ್ಸ್‌ಗೆ ಕನ್ನಡದಲ್ಲಿ ಅರ್ಥಮಿತಿ ಎನ್ನುತ್ತಾರೆ. ಆರ್ಥಿಕ ಜೀವನದ ಪ್ರಶ್ನೆಗಳಿಗೆ ಅಂಕಿಅಂಶಗಳಿಂದ ಉತ್ತರ ಹುಡುಕುವ, ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಹೇಳುವ ಶಾಸ್ತ್ರ ಅದು. ಅರ್ಥಶಾಸ್ತ್ರದ ಮೊದಲ ನೊಬೆಲ್ ಪ್ರಶಸ್ತಿ 1969ರಲ್ಲಿ ಸಂದದ್ದು ಈ ಶಾಸ್ತ್ರಕ್ಕೆ ತಳಹದಿ ಹಾಕಿದ ರಾಗ್ನರ್ ಫ್ರಿಶ್ ಮತ್ತು ಯಾನ್ ಟಿನ್‌ಬರ್ಗೆನ್ ಅವರಿಗೆ. 2021ರಲ್ಲಿ ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್ ಮತ್ತು ಗಿಡೊ ಇಂಬೆನ್ಸ್ ಅವರಿಗೆ ಸಂದದ್ದೂ ಕಾರಣ–ಪರಿಣಾಮಗಳನ್ನು ಬಿಡಿಸಿ ನೋಡುವ ವಿಧಾನಗಳಿಗೆ ಅವರು ಕೊಟ್ಟ ಕೊಡುಗೆಗಾಗಿ.

ನಮಗೆಲ್ಲ ಗೊತ್ತಿರುವ ಒಂದು ಉದಾಹರಣೆ ನೋಡೋಣ. ದೆಹಲಿಯಲ್ಲಿ 2019ರ ಅಕ್ಟೋಬರ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಆರಂಭವಾಯಿತು. ತಮಿಳುನಾಡಿನಲ್ಲಿ 2021ರ ಮೇ ತಿಂಗಳಲ್ಲಿ ಸಾಮಾನ್ಯ ನಗರ ಬಸ್‌ಗಳಲ್ಲಿ ಬಂತು. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲಿ ಎಸ್‌ಟಿ ಬಸ್‌ಗಳ ದರವನ್ನು ಮಹಿಳೆಯರಿಗೆ ಅರ್ಧ ಮಾಡಿತು. ಕರ್ನಾಟಕದ ‘ಶಕ್ತಿ’ ಆರಂಭವಾದದ್ದು 2023ರ ಜೂನ್ 11ರಂದು. ತೆಲಂಗಾಣದ ಯೋಜನೆ ಅದೇ ವರ್ಷದ ಡಿಸೆಂಬರ್‌ನಲ್ಲಿ. ಹೊರನಾಡಿನ ಕನ್ನಡತಿಯರಲ್ಲಿ ಅನೇಕರು ಇವುಗಳಲ್ಲಿ ಒಂದಲ್ಲ ಒಂದು ಬಸ್ ಹತ್ತಿರುತ್ತಾರೆ. ಪ್ರಶ್ನೆ ಸರಳ: ಈ ಯೋಜನೆಗಳಿಂದ ಮಹಿಳೆಯರು ಹೆಚ್ಚಾಗಿ ದುಡಿಮೆಗೆ ಹೊರಟರೇ?

ಟಿ.ವಿ. ಚರ್ಚೆಯಲ್ಲಿ ಉತ್ತರ ಎರಡು ನಿಮಿಷದಲ್ಲಿ ಸಿಗುತ್ತದೆ. ಕೇಂದ್ರದ ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುತ್ತಿರುವ ಅಥವಾ ಕೆಲಸ ಹುಡುಕುತ್ತಿರುವವರ ಪಾಲು 2017–18ರಲ್ಲಿ ಶೇ 23.3 ಇತ್ತು, 2023–24ರಲ್ಲಿ ಶೇ 41.7 ಆಯಿತು. ‘ನೋಡಿ, ಯೋಜನೆ ಗೆದ್ದಿತು’ ಎಂದು ಒಬ್ಬರು ಹೇಳಬಹುದು. ಆದರೆ ಇದು ಇಡೀ ದೇಶದ ಅಂಕಿ. ಉಚಿತ ಬಸ್ ಇಲ್ಲದ ರಾಜ್ಯಗಳೂ ಅದರಲ್ಲಿ ಸೇರಿವೆ. ‘ಶಕ್ತಿ’ ಆರಂಭವಾಗುವ ಹೊತ್ತಿಗೆ ಮುಗಿಯುತ್ತ ಬಂದಿದ್ದ 2022–23ರ ಸಮೀಕ್ಷಾ ವರ್ಷದಲ್ಲೇ ಅದು ಶೇ 37 ಮುಟ್ಟಿತ್ತು. ಏರಿಕೆಯ ಬಹುಭಾಗ ಬಂದದ್ದು ಹಳ್ಳಿಗಳಿಂದ, ಅದರಲ್ಲೂ ಸ್ವಂತ ಹೊಲ, ಮನೆ ಕಸುಬುಗಳ ದುಡಿಮೆಯಿಂದ. ಹೀಗಿರುವಾಗ ಬಸ್ಸಿನ ಪಾಲು ಎಷ್ಟು?

ಇದನ್ನು ಬಿಡಿಸಲು ಯೋಜನೆ ಬಂದ ರಾಜ್ಯದ ಬದಲಾವಣೆಯನ್ನು ಬರದ ರಾಜ್ಯದ ಬದಲಾವಣೆಯ ಜತೆ ಹೋಲಿಸಬೇಕು. ಹೋಲಿಸುವ ಮುನ್ನ, ಯೋಜನೆ ಇಲ್ಲದಿದ್ದಾಗ ಎರಡೂ ರಾಜ್ಯಗಳು ಒಂದೇ ದಾರಿಯಲ್ಲಿ ನಡೆಯುತ್ತಿದ್ದವೇ ಎಂದು ಹಿಂದಿನ ವರ್ಷಗಳನ್ನು ತೆಗೆದು ನೋಡಬೇಕು. ದೆಹಲಿಯ ಯೋಜನೆ ಬಂದು ಐದೇ ತಿಂಗಳಿಗೆ ಲಾಕ್‌ಡೌನ್ ಬಂತು, ತಮಿಳುನಾಡಿನದು ಕೋವಿಡ್ ಎರಡನೇ ಅಲೆಯ ನಡುವೆಯೇ ಬಂತು. ಇವೆರಡರ ಅಂಕಿಗಳಿಂದ ಕೊರೊನಾದ ಪೆಟ್ಟನ್ನು ಬಸ್ಸಿನ ಪರಿಣಾಮದಿಂದ ಬೇರೆ ಮಾಡುವುದು ಹೇಗೆ? ಕರ್ನಾಟಕದಲ್ಲಿ ‘ಶಕ್ತಿ’ಯ ಬೆನ್ನಿಗೇ ‘ಗೃಹಲಕ್ಷ್ಮಿ’ ಹಣವೂ ಬರತೊಡಗಿತಲ್ಲ, ಅದರ ಪರಿಣಾಮ ಎಷ್ಟು? ಇಂಥ ಪ್ರಶ್ನೆಗಳನ್ನು ಕೇಳಲು ಕಲಿಸುವುದೇ ಅರ್ಥಮಿತಿಯ ಪಾಠ. ಸಾವಿರಾರು ಕೋಟಿ ರೂಪಾಯಿಯ ಯೋಜನೆಗಳ ಬಗ್ಗೆ ಪರವೋ ವಿರೋಧವೋ ಎಂದು ಕೂಗಾಡುವ ಸಮಾಜಕ್ಕೆ ಈ ಪಾಠ ಬಲ್ಲ ಪದವೀಧರರು ಬೇಕು. ಅವರನ್ನು ತಯಾರು ಮಾಡುವ ಕೆಲಸವನ್ನು ನಾವು ತರಗತಿ ಲೆಕ್ಕದ ಗೌರವಧನಕ್ಕೆ ಒಪ್ಪಿಸಿದ್ದೇವೆ.

ಬೋರ್ಡಿನ ಮೇಲಿನ ಅರ್ಥಮಿತಿ

ಯುಜಿಸಿ 2015ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದಲ್ಲೇ ಬಿ.ಎ. ಅರ್ಥಶಾಸ್ತ್ರ ಆನರ್ಸ್‌ಗೆ ಅರ್ಥಮಿತಿಯ ಪರಿಚಯ ಕಡ್ಡಾಯ ಪತ್ರಿಕೆ. ಎಂ.ಎ.ಯಲ್ಲಿ ಅದಿಲ್ಲದ ಗಂಭೀರ ವಿಭಾಗ ಇಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಎನ್‌ಇಟಿಯ ಅರ್ಥಶಾಸ್ತ್ರ ಪಠ್ಯಕ್ರಮದಲ್ಲೂ ಸಂಖ್ಯಾಶಾಸ್ತ್ರ ಮತ್ತು ಅರ್ಥಮಿತಿಗೆ ಪ್ರತ್ಯೇಕ ಘಟಕವಿದೆ. ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಬರೆಯುವವರೂ ಇದನ್ನು ಓದಲೇಬೇಕು. ಕಾಗದದ ಮೇಲೆ ಕೊರತೆ ಏನೂ ಇಲ್ಲ.

ಕೊರತೆ ಕಾಣುವುದು ಬೇರೆ ಕಡೆ. ನಾನು ಕೆಲಸ ಮಾಡುವ ತಂಡಕ್ಕೆ ಅರ್ಥಶಾಸ್ತ್ರ ಎಂ.ಎ. ಮಾಡಿದವರೂ ಸಂದರ್ಶನಕ್ಕೆ ಬರುತ್ತಾರೆ. ರಿಗ್ರೆಷನ್‌ನ ಊಹೆಗಳನ್ನು ಒಂದರಿಂದ ಕೊನೆಯವರೆಗೆ ಬಾಯಿಪಾಠ ಒಪ್ಪಿಸುವವರು ಅನೇಕರು. ‘ಈ ಸಮೀಕ್ಷೆಯ ದತ್ತಾಂಶದಲ್ಲಿ ಆ ಊಹೆ ಎಲ್ಲಿ ಮುರಿಯಬಹುದು’ ಎಂದರೆ ಮೌನ. ತಪ್ಪು ಅವರದ್ದಲ್ಲ. ಅವರಲ್ಲಿ ಬಹಳಷ್ಟು ಜನ ಎರಡು ವರ್ಷದ ಎಂ.ಎ.ಯಲ್ಲಿ ಒಂದು ನಿಜವಾದ ಸಮೀಕ್ಷೆಯ ಕಡತವನ್ನೂ ತೆರೆದಿರುವುದಿಲ್ಲ. ಬೋರ್ಡಿನ ಮೇಲೆ ಸೂತ್ರ ಬಿಡಿಸುವುದನ್ನು ನೋಡಿದ್ದಾರೆ, ನೋಟ್ಸ್ ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಅದನ್ನೇ ಬಿಡಿಸಿದ್ದಾರೆ. ಎನ್‌ಇಟಿ ಕೂಡ ನಾಲ್ಕು ಆಯ್ಕೆಗಳ ಪರೀಕ್ಷೆ. ಒಂದೇ ಒಂದು ರಿಗ್ರೆಷನ್ ಮಾಡಿ ನೋಡದವರೂ ಅದರಲ್ಲಿ ಪಾಸಾಗಬಹುದು, ನಾಳೆ ಅದನ್ನೇ ಕಲಿಸಬಹುದು.

ಉಪಕರಣಗಳಿಗೆ ದುಡ್ಡಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಸ್ಟಾಟಾ ದುಬಾರಿ ಇರಬಹುದು. ಆರ್, ಗ್ರೆಟ್ಲ್, ಪೈಥಾನ್ ಎಲ್ಲವೂ ಉಚಿತ. ಕಾರ್ಮಿಕ ಸಮೀಕ್ಷೆಯ ಘಟಕ ಮಟ್ಟದ ದತ್ತಾಂಶವನ್ನು, ಅಂದರೆ ಒಂದೊಂದು ಕುಟುಂಬ, ಒಬ್ಬೊಬ್ಬ ವ್ಯಕ್ತಿಯ ಉತ್ತರವನ್ನು ಹೆಸರು, ವಿಳಾಸ ತೆಗೆದು ಕೇಂದ್ರ ಸಾಂಖ್ಯಿಕ ಸಚಿವಾಲಯ ಉಚಿತವಾಗಿ ಕೊಡುತ್ತದೆ. ಕುಟುಂಬಗಳ ಖರ್ಚಿನ ಸಮೀಕ್ಷೆಯದೂ ಸಿಗುತ್ತದೆ. ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಒಂದು ಪೈಸೆ ಖರ್ಚಿಲ್ಲ.

ಖರ್ಚಾಗುವುದು ಮೇಷ್ಟ್ರ ಸಮಯ. ಆ ಕಡತ ತೆರೆದರೆ ಮೊದಲು ಕಾಣುವುದು ಸಾಲುಸಾಲು ಅಂಕಿಗಳು. ಯಾವ ಅಂಕಣದಲ್ಲಿ ವಯಸ್ಸು, ಯಾವುದರಲ್ಲಿ ಕೆಲಸದ ಸಂಕೇತ ಎಂದು ಬೇರೆ ಕಡತ ನೋಡಿ ಹೊಂದಿಸಬೇಕು. ಪ್ರತಿ ಸಾಲಿಗೂ ಒಂದು ತೂಕ ಇರುತ್ತದೆ. ಸಮೀಕ್ಷೆಗೆ ಸಿಕ್ಕ ಒಂದು ಮನೆ ನಿಜವಾದ ಜನಸಂಖ್ಯೆಯಲ್ಲಿ ಎಷ್ಟು ಮನೆಗಳ ಪ್ರತಿನಿಧಿ ಎಂದು ಹೇಳುವ ಅಂಕಿ ಅದು. ಅದನ್ನು ಮರೆತರೆ ಇಡೀ ಲೆಕ್ಕ ವಾಲುತ್ತದೆ, ಆದರೆ ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಉತ್ತರ ಮೂರು ದಶಮಾಂಶ ಸ್ಥಾನಗಳವರೆಗೆ ನೀಟಾಗಿ ಬಂದು ಕೂರುತ್ತದೆ. ಸಾಫ್ಟ್‌ವೇರ್‌ನಲ್ಲಿ ತಪ್ಪಾದರೆ ಪ್ರೋಗ್ರಾಂ ಬಹಳ ಸಲ ನಿಂತುಹೋಗಿ ತಾನೇ ಹೇಳುತ್ತದೆ. ಅರ್ಥಮಿತಿಯಲ್ಲಿ ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಚೆನ್ನಾಗಿ ಕಾಣುತ್ತದೆ. ಆ ತಪ್ಪನ್ನು ಹಿಡಿಯಲು ವಿದ್ಯಾರ್ಥಿಯ ಪಕ್ಕ ಕೂತು, ಅವನ ಒಂದೊಂದು ಹೆಜ್ಜೆಯನ್ನೂ ನೋಡುವ ಮೇಷ್ಟ್ರು ಬೇಕು. ಈ ವಿಷಯದ ನಿಜವಾದ ಪಾಠ ನಡೆಯುವುದು ಅಲ್ಲಿ, ತರಗತಿ ಮುಗಿದ ಮೇಲೆ. ತರಗತಿ ಲೆಕ್ಕದ ಗೌರವಧನದಲ್ಲಿ ಆ ಹೊತ್ತಿಗೆ ಕಾಸಿಲ್ಲ.

ಗೌರವಧನದ ಲೆಕ್ಕ

2019ರ ಜನವರಿಯಲ್ಲಿ ಯುಜಿಸಿ ಅತಿಥಿ ಬೋಧಕರ ಗೌರವಧನವನ್ನು ತರಗತಿಗೆ ₹1,500ಕ್ಕೆ ಏರಿಸಿತು. ತಿಂಗಳ ಗರಿಷ್ಠ ಮಿತಿ ₹50,000. ಅದಕ್ಕೂ ಮೊದಲು ತರಗತಿಗೆ ₹1,000, ತಿಂಗಳಿಗೆ ಗರಿಷ್ಠ ₹25,000 ಇತ್ತು. ಅರ್ಹತೆ ಮಾತ್ರ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಇರುವಷ್ಟೇ ಇರಬೇಕು. ರಜೆ, ಪಿಂಚಣಿ, ಗ್ರಾಚ್ಯುಟಿ ಯಾವುದೂ ಇಲ್ಲ.

ಈ ಗರಿಷ್ಠ ದರವನ್ನೇ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ನಾಲ್ಕು ಕ್ರೆಡಿಟ್‌ನ ಪತ್ರಿಕೆ ಎಂದರೆ ಸೆಮಿಸ್ಟರ್‌ಗೆ ಸುಮಾರು 60 ತರಗತಿ. ಗೌರವಧನ ಒಟ್ಟು ₹90,000. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ₹15,000. ಒಂದು ತರಗತಿಗೆ ಎರಡು ಗಂಟೆ ತಯಾರಿ ಎಂದರೆ 120 ಗಂಟೆ. 60 ವಿದ್ಯಾರ್ಥಿಗಳು, ತಲಾ ಮೂರು ಪ್ರಾಯೋಗಿಕ ಅಸೈನ್‌ಮೆಂಟ್, ಒಂದೊಂದನ್ನು ನೋಡಿ ತಿದ್ದಲು 20 ನಿಮಿಷ ಎಂದರೆ ಇನ್ನೂ 60 ಗಂಟೆ. ವಿದ್ಯಾರ್ಥಿಗಳ ಪಕ್ಕ ಕೂರುವುದಕ್ಕೆ ವಾರಕ್ಕೆ ಎರಡು ಗಂಟೆ ಎಂದಿಟ್ಟರೆ 30 ಗಂಟೆ. ಎಲ್ಲ ಸೇರಿ 270 ಗಂಟೆಗಳ ಕೆಲಸ. ಗಂಟೆಗೆ ಬೀಳುವುದು ₹333.

ಈಗ ಇದೇ ಮೇಷ್ಟ್ರು ಅಸೈನ್‌ಮೆಂಟ್ ಕೊಡದೆ, ಹಳೆಯ ನೋಟ್ಸ್‌ನಿಂದ ಸೂತ್ರ ಬಿಡಿಸಿ, ಗಂಟೆ ಹೊಡೆದಾಗ ಎದ್ದು ಹೋದರೆ? ಕೆಲಸ 60 ಗಂಟೆಗೆ ಇಳಿಯುತ್ತದೆ, ಗಂಟೆಗೆ ಪೂರ್ತಿ ₹1,500 ಸಿಗುತ್ತದೆ. ಚೆನ್ನಾಗಿ ಕಲಿಸಿದಷ್ಟೂ ಕೂಲಿ ಇಳಿಯುವ ವ್ಯವಸ್ಥೆ ಇದು. ಇಷ್ಟಾದರೂ ಎಷ್ಟೋ ಅತಿಥಿ ಉಪನ್ಯಾಸಕರು ಸಂಜೆ ಆರರವರೆಗೆ ಲ್ಯಾಬಿನಲ್ಲಿ ಕೂತಿರುತ್ತಾರೆ ಎಂದರೆ ಅದು ಅವರ ದೊಡ್ಡತನ. ಅವರ ದೊಡ್ಡತನವನ್ನೇ ನಂಬಿಕೊಂಡು ವಿಶ್ವವಿದ್ಯಾಲಯ ನಡೆಸುವುದು ನೀತಿ ಆಗುವುದಿಲ್ಲ.

ಇದು ಯುಜಿಸಿಯ ಗರಿಷ್ಠ ದರದ ಕತೆ. ರಾಜ್ಯಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ನಮ್ಮದೇ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿವೆ. 2022ರ ಜನವರಿಯವರೆಗೆ ಅವರಿಗೆ ತಿಂಗಳಿಗೆ ಸಿಗುತ್ತಿದ್ದದ್ದು ₹11,000ದಿಂದ ₹13,000. ಆಗ ಅದು ಅರ್ಹತೆ ಮತ್ತು ಅನುಭವದ ಮೇಲೆ ₹26,000ದಿಂದ ₹32,000ಕ್ಕೆ ಏರಿತು. ಜತೆಗೇ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರ ಪಾಲಿಗೆ ಬಂದಾಗ ಇನ್ನೊಬ್ಬರು ಮನೆಗೆ ಹೋಗಬೇಕಾಯಿತು. 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆಗಾಗಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಸರ್ಕಾರ ಗೌರವಧನ ಹೆಚ್ಚಿಸಿತು. ಕೇಳಿದ್ದು ಭದ್ರತೆ, ಸಿಕ್ಕಿದ್ದು ಹಣ.

ದೆಹಲಿಯಲ್ಲಿರುವ ನಮ್ಮವರು 2019ರ ಡಿಸೆಂಬರ್ ನೆನಪಿಸಿಕೊಳ್ಳಬಹುದು. ಹೊಸದಾಗಿ ಖಾಲಿಯಾಗುವ ಜಾಗಗಳಿಗೆ ಅತಿಥಿ ಬೋಧಕರನ್ನಷ್ಟೇ ತೆಗೆದುಕೊಳ್ಳಿ ಎಂದು ದೆಹಲಿ ವಿಶ್ವವಿದ್ಯಾಲಯ ಅದೇ ವರ್ಷದ ಆಗಸ್ಟ್ 28ರಂದು ಹೊರಡಿಸಿದ ಪತ್ರದ ವಿರುದ್ಧ ಅಲ್ಲಿನ ಅಧ್ಯಾಪಕರು ಕೊರೆಯುವ ಚಳಿಯಲ್ಲಿ ಧರಣಿ ಕೂತಿದ್ದರು. ಹುಬ್ಬಳ್ಳಿಯಾದರೂ ದೆಹಲಿಯಾದರೂ ರೋಗ ಒಂದೇ.

ಹುದ್ದೆ ಏಕೆ ತುಂಬುವುದಿಲ್ಲ?

ಕುಲಪತಿಗಳನ್ನು ಮಾತ್ರ ದೂರುವುದು ಸರಿಯಲ್ಲ. ಕಾಯಂ ಹುದ್ದೆಗೆ ರಾಜ್ಯದ ಹಣಕಾಸು ಇಲಾಖೆ ಒಪ್ಪಬೇಕು. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ ₹57,700, ಅದರ ಮೇಲೆ ಭತ್ಯೆಗಳು, ಮುಂದಿನ ಮೂರು ದಶಕಗಳ ಹೊಣೆ. ಅತಿಥಿ ಉಪನ್ಯಾಸಕರ ಹೊಣೆ ಸೆಮಿಸ್ಟರ್ ಮುಗಿದಾಗ ಮುಗಿಯುತ್ತದೆ. ಆಯವ್ಯಯ ಬರೆಯುವವರಿಗೆ ಯಾವುದು ಹಗುರ ಎಂದು ಹೇಳಬೇಕಿಲ್ಲ. ಜತೆಗೆ ಕಾರ್ಯಭಾರದ ಲೆಕ್ಕವೂ ಅಡ್ಡ ಬರುತ್ತದೆ. ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಅರ್ಥಮಿತಿಯ ಪಾಲು ನಾಲ್ಕು ಗಂಟೆ. ‘ನಾಲ್ಕು ಗಂಟೆಗೆ ಒಂದು ಹುದ್ದೆಯೇ’ ಎಂದು ಕಡತ ವಾಪಸ್ ಬರುತ್ತದೆ. ಲ್ಯಾಬ್ ಗಂಟೆಗಳನ್ನು, ಸಂಶೋಧನಾ ಪ್ರಬಂಧದ ಮಾರ್ಗದರ್ಶನವನ್ನು, ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಸೇರಿಸಿದರೆ ಒಬ್ಬರಿಗೆ ಕೈತುಂಬ ಕೆಲಸ ಇರುತ್ತದೆ. ಆದರೆ ಲ್ಯಾಬ್ ಇಲ್ಲದ ಕಡೆ ಲ್ಯಾಬ್ ಗಂಟೆ ಲೆಕ್ಕಕ್ಕೆ ಬರುವುದಿಲ್ಲ, ಮೇಷ್ಟ್ರಿಲ್ಲದ ಕಡೆ ಲ್ಯಾಬ್ ಹುಟ್ಟುವುದಿಲ್ಲ.

ಹೀಗೆ ಖಾಲಿ ಉಳಿಯುವುದು ಚಿಲ್ಲರೆ ಸಂಖ್ಯೆಯಲ್ಲ. 2022ರಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರಗಳ ಪ್ರಕಾರ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಸುಮಾರು 19 ಸಾವಿರ ಬೋಧಕ ಹುದ್ದೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಖಾಲಿ ಇದ್ದವು. ಕೇಂದ್ರದ ದುಡ್ಡಿನಲ್ಲಿ ನಡೆಯುವ ಕಡೆಯೇ ಮೂರರಲ್ಲಿ ಒಂದು ಕುರ್ಚಿ ಖಾಲಿ.

ತಾತ್ಕಾಲಿಕ ವ್ಯವಸ್ಥೆಗೆ ನಿಯಮಗಳಲ್ಲಿ ಬೇಲಿ ಇತ್ತು. ಗುತ್ತಿಗೆ ಬೋಧಕರು ಒಟ್ಟು ಹುದ್ದೆಗಳ ಶೇ 10 ಮೀರಬಾರದು ಎಂದು ಯುಜಿಸಿಯ 2018ರ ನಿಯಮಾವಳಿ ಹೇಳಿತ್ತು. 2025ರ ಜನವರಿಯಲ್ಲಿ ಪ್ರಕಟವಾದ ಕರಡು ನಿಯಮಾವಳಿಯಲ್ಲಿ ಗುತ್ತಿಗೆಯ ಆ ಶೇ 10ರ ಮಿತಿಯೇ ಇರಲಿಲ್ಲ. ಕುಲಪತಿ ಆಯ್ಕೆಯಲ್ಲಿ ರಾಜ್ಯಪಾಲರ ಅಧಿಕಾರದ ಬಗ್ಗೆ ರಾಜ್ಯಗಳು ಆ ಕರಡಿನ ವಿರುದ್ಧ ದೊಡ್ಡ ದನಿ ಎತ್ತಿದವು. ಬೇಲಿ ಕಿತ್ತ ಸಂಗತಿಗೆ ಅಷ್ಟು ದನಿ ಏಳಲಿಲ್ಲ. ರಾಜ್ಯಗಳೇ ಆ ಬೇಲಿಯನ್ನು ಎಂದೋ ದಾಟಿಬಿಟ್ಟಿದ್ದವಲ್ಲ, ಎಲ್ಲಿಂದ ಎದ್ದೀತು?

ಸುಪ್ರೀಂ ಕೋರ್ಟ್ ಮಾತ್ರ ಬೇರೆ ದಾರಿ ತೋರಿಸಿದೆ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತದೆ ಎಂದು 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು ತಿಂಗಳಿಗೆ ₹30,000 ಪಡೆಯುತ್ತಿದ್ದ ಪ್ರಕರಣದಲ್ಲಿ, ಅವರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ವೇತನ ಕೊಡಬೇಕು ಎಂದು ಆದೇಶಿಸಿತು. ಸಮಾರಂಭಗಳಲ್ಲಿ ಗುರುವಿನ ಶ್ಲೋಕ ಹೇಳಿದರೆ ಸಾಲದು, ಗುರುವನ್ನು ನಡೆಸಿಕೊಳ್ಳುವ ರೀತಿಯಲ್ಲೂ ಅದು ಕಾಣಬೇಕು ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿತ್ತು. ಆದರೆ ಅದು ಗುತ್ತಿಗೆಯವರಿಗೆ. ತರಗತಿ ಲೆಕ್ಕದ ಅತಿಥಿಗಳು ಗುತ್ತಿಗೆಗಿಂತ ಕೆಳಗಿನ ಮೆಟ್ಟಿಲಲ್ಲಿದ್ದಾರೆ. ವಿಶ್ವವಿದ್ಯಾಲಯಗಳು ಆ ಕೆಳಮೆಟ್ಟಿಲನ್ನೇ ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಶನಿವಾರದ ಮೇಷ್ಟ್ರಾಗಬಹುದೇ ನಾವು?

ವಾಟ್ಸ್‌ಆ್ಯಪ್ ಸಲಹೆಗೆ ಬರೋಣ. ಐಟಿಯಲ್ಲಿರುವ ನಮ್ಮಂಥವರು ಹೋಗಿ ಈ ಜಾಗ ತುಂಬಬಹುದೇ? ನಿಯಮದ ಪ್ರಕಾರ ಸಾಧ್ಯವಿಲ್ಲ. ಅತಿಥಿ ಬೋಧಕರಿಗೆ ಆಯಾ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮತ್ತು ಎನ್‌ಇಟಿ, ಸ್ಲೆಟ್ ಅಥವಾ ಪಿಎಚ್‌.ಡಿ. ಬೇಕು. ನನ್ನ ಎಂ.ಟೆಕ್. ಅಲ್ಲಿ ನಡೆಯುವುದಿಲ್ಲ. ಉದ್ಯಮದ ಪರಿಣತರಿಗಾಗಿ 2022ರಲ್ಲಿ ಯುಜಿಸಿ ತೆರೆದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಬಾಗಿಲಿದೆ. ಅದಕ್ಕೆ ಪದವಿಯ ಹಂಗಿಲ್ಲ, ಆದರೆ ಕನಿಷ್ಠ 15 ವರ್ಷಗಳ ಅನುಭವ ಬೇಕು. ಅಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ 10 ಮೀರುವಂತಿಲ್ಲ, ಅವಧಿ ನಾಲ್ಕು ವರ್ಷ ಮೀರುವಂತಿಲ್ಲ.

ನಿಯಮ ಬದಿಗಿಟ್ಟು ವಿಷಯ ನೋಡಿದರೂ ಉತ್ತರ ಅದೇ. ಮಷೀನ್ ಲರ್ನಿಂಗ್ ಬಲ್ಲವರು ಅರ್ಥಮಿತಿಯನ್ನೂ ಬಲ್ಲವರು ಎಂಬ ಭಾವನೆ ನಮ್ಮ ವಲಯದಲ್ಲಿ ಬಲವಾಗಿದೆ. ಎರಡರಲ್ಲೂ ರಿಗ್ರೆಷನ್ ಇದೆ ಎನ್ನುವುದು ನಿಜ. ಆದರೆ ನಮ್ಮ ಕೆಲಸ ಬಹುಪಾಲು ಊಹಿಸುವುದು. ಮುಂದಿನ ವಾರ ಎಷ್ಟು ಟಿಕೆಟ್ ಮಾರಾಟವಾದೀತು, ಯಾವ ಗ್ರಾಹಕ ಬಿಟ್ಟುಹೋದಾನು. ಅರ್ಥಮಿತಿ ಕೇಳುವುದು ‘ಇದನ್ನು ಬದಲಿಸಿದರೆ ಅದು ಬದಲಾಗುತ್ತದೆಯೇ’ ಎಂದು. ರಸ್ತೆಯಲ್ಲಿ ಕೊಡೆ ಬಿಚ್ಚಿದವರನ್ನು ಎಣಿಸಿ ಮಳೆ ಬರುತ್ತಿದೆ ಎಂದು ಊಹಿಸಬಹುದು, ಊಹೆ ಸರಿಯಾಗಿಯೇ ಇರುತ್ತದೆ. ಹಾಗೆಂದು ಊರಿಗೆಲ್ಲ ಕೊಡೆ ಹಂಚಿದರೆ ಮಳೆ ಬರುವುದಿಲ್ಲ. ಈ ವ್ಯತ್ಯಾಸವನ್ನು ಇಡೀ ಸೆಮಿಸ್ಟರ್ ಕೂತು ಕಲಿಸಲು ಅರ್ಥಶಾಸ್ತ್ರ ಓದಿದವರೇ ಬೇಕು. ಕೂಲಿ, ಬೆಲೆ, ಕುಟುಂಬ, ಬೇಸಾಯ ಹೇಗೆ ನಡೆಯುತ್ತವೆ ಎಂದು ತಿಳಿಯದವರಿಗೆ ಲೆಕ್ಕದಲ್ಲಿ ಯಾವ ಕಾರಣ ಬಿಟ್ಟುಹೋಗಿದೆ ಎಂದು ಹೊಳೆಯುವುದಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಕೈತುಂಬ ಸಂಬಳ ಬರುವ ನಾವು ‘ಗೌರವಧನ ಬೇಡ, ಸೇವೆ ಎಂದು ಕಲಿಸುತ್ತೇವೆ’ ಎಂದು ಹೋದರೆ ವಿಭಾಗಕ್ಕೆ ಆ ವರ್ಷ ಅನುಕೂಲ. ಮುಂದಿನ ವರ್ಷ ಹುದ್ದೆ ಕೇಳಿದಾಗ ‘ಪಾಠ ನಡೆಯುತ್ತಿದೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಿಎಚ್‌.ಡಿ. ಮುಗಿಸಿ ಹತ್ತು ವರ್ಷದಿಂದ ಆ ಹುದ್ದೆಗೆ ಕಾಯುತ್ತಿರುವ ಒಬ್ಬರ ಅನ್ನಕ್ಕೆ ನಮ್ಮ ಸೇವೆ ಅಡ್ಡ ಬಂದಂತಾಗುತ್ತದೆ. ಹೋಗಲೇಬೇಕು ಎನಿಸಿದರೆ ಆ ಮೇಷ್ಟ್ರ ಜಾಗಕ್ಕೆ ಹೋಗುವುದು ಬೇಡ, ಅವರ ಪಕ್ಕಕ್ಕೆ ಹೋಗೋಣ. ಲ್ಯಾಬಿನಲ್ಲಿ ಆರ್ ಹಾಕಿಕೊಡುವುದು, ಸಮೀಕ್ಷೆಯ ಕಡತವನ್ನು ಓದುವಂತೆ ಮಾಡುವ ಸಣ್ಣ ಪ್ರೋಗ್ರಾಂ ಬರೆದುಕೊಡುವುದು, ವಿದ್ಯಾರ್ಥಿಗಳ ಕೆಲಸವನ್ನು ಆನ್‌ಲೈನಿನಲ್ಲಿ ನೋಡಿ ತಿದ್ದುವುದು ನಮ್ಮಿಂದ ಆಗುವ ಕೆಲಸಗಳು. ಹೈದರಾಬಾದಿನಲ್ಲಿ ಕೂತು ಕಲಬುರಗಿಯ ವಿದ್ಯಾರ್ಥಿಗೆ ಇಷ್ಟನ್ನು ಕನ್ನಡದಲ್ಲೇ ಮಾಡಿಕೊಡಬಹುದು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಎಂ.ಎ.ಗೆ ಬಂದು ದಪ್ಪ ಇಂಗ್ಲಿಷ್ ಪಠ್ಯದ ಮುಂದೆ ಕೂತವರಿಗೆ ಅದರ ಬೆಲೆ ಗೊತ್ತು.

ಹಡಗಲಿಯಿಂದ ಬಂದ ಪಾಠ

ಹಾಗಾದರೆ ಹೊರಗಿನಿಂದ ಬಂದು ಪಾಠ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಇಂದಿನ ವಿಜಯನಗರ ಜಿಲ್ಲೆಯ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ತೆಲುಗು ಮನೆಮಾತಿನ ಅವರು ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಮಹಲನೋಬಿಸ್ ಕಟ್ಟಿದ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿದರು. ಸಂಸ್ಥೆಯ ಕೆಲಸ ಮಾಡುತ್ತಲೇ 1944ರ ಸುಮಾರಿಗೆ ಕಲ್ಕತ್ತ ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಗೆ ಪಾಠ ಮಾಡುತ್ತಿದ್ದರು. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಒಂದು ದಿನ, ಮಾದರಿ ಬಹಳ ದೊಡ್ಡದಾಗಿದ್ದಾಗ ಮಾತ್ರ ಅನ್ವಯಿಸುವ ಒಂದು ಫಲಿತಾಂಶ ಹೇಳಿದಾಗ ವಿದ್ಯಾರ್ಥಿಯೊಬ್ಬ ಎದ್ದು, ಮಾದರಿ ಚಿಕ್ಕದಾಗಿದ್ದರೆ ಏನು ಎಂದು ಕೇಳಿದ. ಮೇಷ್ಟ್ರು ರಾತ್ರಿಯೆಲ್ಲ ಕೂತು ಬಿಡಿಸಿ ಮಾರನೇ ದಿನ ಉತ್ತರ ತಂದರು. 1945ರಲ್ಲಿ ಪ್ರಕಟವಾದ ಅದು ಇಂದು ಕ್ರಾಮರ್–ರಾವ್ ಅಸಮತೆ ಎಂದು ಜಗತ್ತಿನ ಪಠ್ಯಗಳಲ್ಲಿದೆ. ಪ್ರಶ್ನೆ ಕೇಳಿದ ವಿ.ಎಂ. ದಾಂಡೇಕರ್ ಮುಂದೆ ಪುಣೆಯ ಗೋಖಲೆ ಸಂಸ್ಥೆಯ ನಿರ್ದೇಶಕರಾಗಿ, ದೇಶದ ಬಡತನವನ್ನು ಅಳೆದ ಹೆಸರಾಂತ ಅರ್ಥಶಾಸ್ತ್ರಜ್ಞರಾದರು. ರಾವ್ 1948ರಲ್ಲಿ ಕೊಟ್ಟ ಇನ್ನೊಂದು ಪರೀಕ್ಷಾ ವಿಧಾನವನ್ನು ಅರ್ಥಮಿತಿಯವರು ದಿನನಿತ್ಯ ಬಳಸುತ್ತಾರೆ.

ರಾವ್ ಆ ತರಗತಿಗೆ ಹೊರಗಿನಿಂದಲೇ ಬಂದವರು. ಆದರೆ ಅವರ ಬೆನ್ನಿಗೆ ಒಂದು ಸಂಸ್ಥೆ ಇತ್ತು. ಮುಂದಿನ ತಿಂಗಳ ಅಕ್ಕಿಯ ಚಿಂತೆ ಇರಲಿಲ್ಲ, ಒಂದು ಪ್ರಶ್ನೆಗಾಗಿ ರಾತ್ರಿ ಕೂರಲು ಮನಸ್ಸೂ ಬಿಡುವೂ ಇತ್ತು, ಮಾರನೇ ದಿನ ಅದೇ ವಿದ್ಯಾರ್ಥಿಗಳ ಮುಂದೆ ನಿಲ್ಲುವ ಭರವಸೆ ಇತ್ತು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಕೋಚಿಂಗ್ ಸೆಂಟರ್ ಎಂದು ಬಸ್ಸು ಬದಲಿಸುವ ಇಂದಿನ ಅತಿಥಿ ಉಪನ್ಯಾಸಕರನ್ನು ಇಂಥ ಪ್ರಶ್ನೆ ಕೇಳಿದರೆ ಅವರು ಯಾವ ರಾತ್ರಿ ಕೂರಬೇಕು?

ಕಾಯಂ ನೇಮಕವೇ ಕೊನೆಯ ಪರಿಹಾರ. ಅಲ್ಲಿಯವರೆಗೆ ಮಾಡಬಹುದಾದ ಕೆಲಸಗಳಿಗೆ ದೊಡ್ಡ ಹಣ ಬೇಕಿಲ್ಲ. ಗೌರವಧನವನ್ನು ತರಗತಿಗೆ ಕೊಡುವ ಬದಲು ಪತ್ರಿಕೆಗೆ ಕೊಡಿ. ತಯಾರಿ, ಲ್ಯಾಬ್, ಮೌಲ್ಯಮಾಪನ ಎಲ್ಲವೂ ಅದರಲ್ಲಿ ಸೇರಲಿ. ನೇಮಕ ಕನಿಷ್ಠ ಎರಡು ಶೈಕ್ಷಣಿಕ ವರ್ಷಕ್ಕಿರಲಿ, ಸೆಮಿಸ್ಟರ್ ಶುರುವಾಗುವ ಮೊದಲೇ ಆಗಲಿ. ಒಂದೇ ಊರಿನ ಅಥವಾ ಅಕ್ಕಪಕ್ಕದ ಎರಡು ವಿಶ್ವವಿದ್ಯಾಲಯಗಳು ಸೇರಿ ಒಬ್ಬ ಪೂರ್ಣಾವಧಿ ಅರ್ಥಮಿತಿ ಬೋಧಕರನ್ನು ಹಂಚಿಕೊಳ್ಳಲಿ, ‘ನಾಲ್ಕೇ ಗಂಟೆ ಕೆಲಸ’ ಎಂಬ ಆಕ್ಷೇಪಕ್ಕೆ ಅದೇ ಉತ್ತರ. ಪರೀಕ್ಷೆಯ ಅರ್ಧ ಅಂಕ ನಿಜವಾದ ದತ್ತಾಂಶದ ಮೇಲೆ ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ಸಿಗಲಿ. ಪರೀಕ್ಷೆ ಬದಲಾದರೆ ಬೋಧನೆಯೂ ತಾನಾಗಿ ಬೋರ್ಡು ಬಿಟ್ಟು ಲ್ಯಾಬಿಗೆ ಹೋಗುತ್ತದೆ.

ಅರ್ಥಮಿತಿಯ ಮೊದಲ ಪಾಠಗಳಲ್ಲಿ ಒಂದು, ಲೆಕ್ಕದಿಂದ ಬಿಟ್ಟುಹೋದ ಅಂಶ ಉಳಿದ ಉತ್ತರವನ್ನೂ ಕೆಡಿಸುತ್ತದೆ ಎನ್ನುವುದು. ವಿಶ್ವವಿದ್ಯಾಲಯಗಳ ಖರ್ಚಿನ ಲೆಕ್ಕದಿಂದ ಹಾಗೆ ಬಿಟ್ಟುಹೋಗಿರುವುದು ಆ ಪಾಠ ಹೇಳುವ ಮೇಷ್ಟ್ರು. ಮುಂದಿನ ಸೆಮಿಸ್ಟರ್‌ಗೆ ಅಂಥದ್ದೊಂದು ಪ್ರಕಟಣೆ ನಿಮ್ಮ ಗುಂಪಿಗೆ ಬಂದರೆ, ಅರ್ಜಿ ಯಾರು ಹಾಕಬಹುದು ಎಂದು ಯೋಚಿಸುವ ಮೊದಲು ಆ ಜಾಗದಲ್ಲಿ ಮಂಜೂರಾದ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇದೆ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ ಕೇಳಿ. ಕೇಂದ್ರೀಯ ವಿಶ್ವವಿದ್ಯಾಲಯವಾದರೆ ಶುಲ್ಕ ಬರೀ ಹತ್ತು ರೂಪಾಯಿ.